“ದೇವರು ನನಗೆ ಹೇಳಿದ್ದಾನೆ” ಎನ್ನುವ ಬೋಧಕರನ್ನು ಪರೀಕ್ಷಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರದ ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರು ಫೋನ್ ಹಿಡಿದುಕೊಂಡು ಹತ್ತಿರ ಬರುತ್ತಾರೆ. “ಬ್ರದರ್, ಈ ವಿಡಿಯೋ ನೋಡಿ. ಈ ದೇವಸೇವಕರು ಹೀಗೆ ಪ್ರವಾದನೆ ಹೇಳಿದ್ದಾರೆ. ನಂಬಬಹುದಾ?” ವಿಡಿಯೋ ಕೆಲವು ಸಲ ಕನ್ನಡದ್ದು, ಜಾಸ್ತಿ ಸಲ ತೆಲುಗು ಅಥವಾ ತಮಿಳಿನದು, ಆಗಾಗ ಅಮೆರಿಕದ್ದು. ಹೊಸ ವರ್ಷಕ್ಕೆ ಪ್ರವಾದನೆ ಹೇಳುವ ಡಿಸೆಂಬರ್ 31ರ ರಾತ್ರಿ ಕೂಟ ಹತ್ತಿರ ಬಂದರೆ ಇಂಥ ಪ್ರಶ್ನೆಗಳು ಇನ್ನೂ ಹೆಚ್ಚಾಗುತ್ತವೆ. ನಾನು ಪಾಸ್ಟರ್ ಅಲ್ಲ, ಸಭೆಯ ಹಿರಿಯರಲ್ಲಿ ಒಬ್ಬ. ನನಗೆ ಈ ವಿಷಯ ಓದಿ ಮಾತ್ರ ಗೊತ್ತಾದದ್ದಲ್ಲ. ನಮ್ಮ ಮನೆಯಲ್ಲೇ ಪೆಟ್ಟು ಬಿದ್ದ ವಿಷಯ. ಅದನ್ನು ಮುಂದೆ ಹೇಳುತ್ತೇನೆ.

ಪ್ರವಾದಿಯನ್ನು ಪರೀಕ್ಷಿಸುವುದು ಅಪನಂಬಿಕೆ ಅಲ್ವಾ?

ಅಲ್ಲ. ಅದು ನಮಗೆ ಕೊಟ್ಟಿರುವ ಆಜ್ಞೆ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯ ತೆರೆಯಿರಿ. ಪವಿತ್ರಾತ್ಮನನ್ನು ನಂದಿಸಬೇಡಿ, ಪ್ರವಾದನೆಗಳನ್ನು ಹೀನೈಸಬೇಡಿ ಎಂದು ಪೌಲ ಹೇಳುತ್ತಾನೆ. ಮರು ವಾಕ್ಯದಲ್ಲೇ ಎಲ್ಲವನ್ನೂ ಪರೀಕ್ಷಿಸಿ, ಒಳ್ಳೆಯದನ್ನು ಬಿಗಿಯಾಗಿ ಹಿಡಿದುಕೊಳ್ಳಿ ಎನ್ನುತ್ತಾನೆ. ಎರಡೂ ಒಂದೇ ಉಸಿರಿನಲ್ಲಿ ಬಂದಿವೆ. ಮೊದಲನೆಯದನ್ನು ವೇದಿಕೆಯಿಂದ ತುಂಬಾ ಸಲ ಕೇಳಿದ್ದೇವೆ, ಎರಡನೆಯದನ್ನು ಅಷ್ಟಾಗಿ ಕೇಳಿಲ್ಲ.

1 ಕೊರಿಂಥ 14:29 ಇನ್ನೂ ಸ್ಪಷ್ಟ. ಇಬ್ಬರೋ ಮೂವರೋ ಪ್ರವಾದಿಗಳು ಮಾತಾಡಲಿ, ಉಳಿದವರು ಅದನ್ನು ವಿವೇಚಿಸಲಿ. ಅಂದರೆ ಪ್ರವಾದನೆ ಹೇಳುವುದು ಅರ್ಧ ಕೆಲಸ, ತೂಗಿ ನೋಡುವುದು ಇನ್ನರ್ಧ. ಆ ಇನ್ನರ್ಧ ಕೆಲಸ ಕೇಳುವವರದು. ಬೆರೋಯದವರು ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರಗಳ ಜೊತೆ ಹೋಲಿಸಿ ನೋಡಿದರು. ಅಪೊಸ್ತಲರ ಕೃತ್ಯಗಳು ಅವರನ್ನು ಅದಕ್ಕಾಗಿ ಹೊಗಳುತ್ತದೆ (17:11). ಪೌಲನಿಗೆ ಬೇಜಾರಾಯಿತು ಅಂತ ಎಲ್ಲೂ ಇಲ್ಲ.

“ತೀರ್ಪು ಮಾಡಬೇಡಿರಿ” ಎಂದು ಯೇಸುವೇ ಹೇಳಿದ್ದಾನಲ್ಲ?

ಹೌದು, ಮತ್ತಾಯ 7:1. ಅದೇ ಅಧ್ಯಾಯದ 15ನೇ ವಾಕ್ಯಕ್ಕೆ ಬನ್ನಿ. ಕುರಿಯ ವೇಷದಲ್ಲಿ ಬರುವ ಸುಳ್ಳು ಪ್ರವಾದಿಗಳ ವಿಷಯದಲ್ಲಿ ಎಚ್ಚರವಾಗಿರಿ, ಅವರ ಫಲಗಳಿಂದ ಅವರನ್ನು ತಿಳಿದುಕೊಳ್ಳಿ ಎಂದು ಆತನೇ ಹೇಳುತ್ತಾನೆ. ಒಬ್ಬ ಮನುಷ್ಯನ ಆತ್ಮ ಎಲ್ಲಿಗೆ ಹೋಗುತ್ತದೆ ಎಂದು ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಅವನು ಹೇಳಿದ ಮಾತು ನಿಜವೋ ಸುಳ್ಳೋ ಎಂದು ನೋಡುವ ಜವಾಬ್ದಾರಿ ಇದೆ.

“ನನ್ನ ಅಭಿಷಿಕ್ತರನ್ನು ಮುಟ್ಟಬೇಡಿ” ಎಂಬ ವಾಕ್ಯ ತೋರಿಸಿ ಬಾಯಿ ಮುಚ್ಚಿಸುತ್ತಾರೆ. ಏನು ಹೇಳಲಿ?

ಅಭಿಷಿಕ್ತರು ಎಂದರೆ ದೇವರು ತನ್ನ ಕೆಲಸಕ್ಕೆ ಆರಿಸಿಕೊಂಡವರು. ಆ ವಾಕ್ಯ ಕೀರ್ತನೆ 105ರಲ್ಲಿದೆ. ಅಬ್ರಹಾಮ, ಇಸಾಕ, ಯಾಕೋಬರು ಪರದೇಶಿಗಳಾಗಿ ಅಲೆಯುತ್ತಿದ್ದಾಗ ದೇವರು ಅವರನ್ನು ಹೇಗೆ ಕಾಪಾಡಿದ ಎಂದು ಅಲ್ಲಿ ಹೇಳಿದೆ. ಅವರಿಗೆ ಕೇಡು ಮಾಡಬೇಡಿ ಎಂದು ಆತ ಅರಸರನ್ನು ಗದರಿಸಿದ. ಬೋಧಕರಿಗೆ ಪ್ರಶ್ನೆ ಕೇಳುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ದಾವೀದನ ಉದಾಹರಣೆಯನ್ನೂ ಕೊಡುತ್ತಾರೆ. ತನ್ನನ್ನು ಬೆನ್ನಟ್ಟುತ್ತಿದ್ದ ಅರಸ ಸೌಲ ಗುಹೆಯಲ್ಲಿ ಕೈಗೆ ಸಿಕ್ಕಿದರೂ, ಅಭಿಷಿಕ್ತನು ಎಂಬ ಕಾರಣಕ್ಕೆ ದಾವೀದ ಅವನನ್ನು ಕೊಲ್ಲಲಿಲ್ಲ, ನಿಜ. ಆದರೆ ಗುಹೆಯಿಂದ ಹೊರಗೆ ಬಂದು, ಎಲ್ಲರಿಗೂ ಕೇಳುವ ಹಾಗೆ ಅವನ ತಪ್ಪನ್ನು ಎತ್ತಿ ಹೇಳಿದ. 1 ಸಮುವೇಲ 24ನ್ನು ಪೂರ್ತಿ ಓದಿ. ಅಂತಿಯೋಕ್ಯದಲ್ಲಿ ಪೌಲ ಪೇತ್ರನನ್ನು ಮುಖಾಮುಖಿಯಾಗಿ ಖಂಡಿಸಿದ್ದು ಗಲಾತ್ಯ 2ರಲ್ಲಿದೆ. ಪೇತ್ರನಿಗಿಂತ ದೊಡ್ಡ ಅಭಿಷೇಕ ಯಾವ ಬೋಧಕರಿಗಿದೆ?

ಇನ್ನೊಂದು ಮಾತು. 1 ಯೋಹಾನ 2ರ ಪ್ರಕಾರ ಅಭಿಷೇಕ ನಂಬಿದವರೆಲ್ಲರಿಗೂ ಇದೆ. ಹಿಂದಿನ ಬೆಂಚಿನಲ್ಲಿ ಕೂತ ಅಜ್ಜಿಗೂ ಇದೆ. ಅವರನ್ನು ಹೆದರಿಸುವುದೂ ಅಭಿಷಿಕ್ತರನ್ನು ಮುಟ್ಟಿದ ಹಾಗೆಯೇ.

ಈಗಿನ ಕಾಲದಲ್ಲೂ ಪ್ರವಾದನೆ ಇದೆಯಾ?

ಇದರಲ್ಲಿ ಸಭೆಗಳಿಗೆ ಒಮ್ಮತವಿಲ್ಲ. ಅಪೊಸ್ತಲರ ಕಾಲದ ಜೊತೆಗೆ ಆ ವರ ಮುಗಿಯಿತು ಎಂದು ಕೆಲವರು 1 ಕೊರಿಂಥ 13ನ್ನು ಇಟ್ಟುಕೊಂಡು ವಾದಿಸುತ್ತಾರೆ. ಪೆಂಟೆಕೊಸ್ಟಲ್ ಸಭೆಗಳು ಅಪೊಸ್ತಲರ ಕೃತ್ಯಗಳು 2 ಮತ್ತು ಯೋವೇಲನ ಮಾತನ್ನು ಹಿಡಿದು, ಈಗಲೂ ಇದೆ ಎನ್ನುತ್ತವೆ. ಕೆಥೋಲಿಕ್ ಸಭೆ ಖಾಸಗಿ ಪ್ರಕಟನೆಗಳನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆದರೆ ಅವು ಕ್ರಿಸ್ತನ ಪ್ರಕಟನೆಗೆ ಏನನ್ನೂ ಸೇರಿಸಲಾರವು ಎಂದು ಬೋಧಿಸುತ್ತದೆ. 2024ರ ಮೇ ತಿಂಗಳಲ್ಲಿ ವ್ಯಾಟಿಕನ್ ಇದಕ್ಕೆ ಹೊಸ ನಿಯಮಗಳನ್ನು ತಂದಿತು. ಅವುಗಳ ಪ್ರಕಾರ ಒಂದು ದರ್ಶನವೋ ಸಂದೇಶವೋ ದೇವರಿಂದಲೇ ಬಂತು ಎಂದು ಬಿಷಪರು ಸಾಮಾನ್ಯವಾಗಿ ಘೋಷಿಸುವ ಹಾಗಿಲ್ಲ. ಎರಡು ಸಾವಿರ ವರ್ಷ ಹಳೆಯ ಸಭೆಯೇ ಅಷ್ಟು ತಡೆದು ಮಾತಾಡುತ್ತದೆ.

ನಾನು ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ದೇವರು ಈಗ ಮಾತಾಡುವುದೇ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಪ್ರಾರ್ಥನೆಯಲ್ಲಿ ಒಬ್ಬರು ಹೇಳಿದ ಒಂದು ಮಾತು ನನ್ನನ್ನು ಎತ್ತಿ ನಿಲ್ಲಿಸಿದ್ದೂ ಇದೆ. ಆದರೆ ಇಲ್ಲಿ ಬರೆದಿರುವ ಪರೀಕ್ಷೆಗಳು ಯಾವ ಸಭೆಯವರಿಗೂ ಹೊಂದುತ್ತವೆ. ವರ ಇದೆ ಎಂದು ನಂಬುವವರಿಗೆ ಇನ್ನೂ ಜಾಸ್ತಿ ಬೇಕು. ಅಸಲಿ ನೋಟು ಓಡಾಡುವ ಕಡೆಯಲ್ಲೇ ತಾನೇ ನಕಲಿ ನೋಟು ನುಸುಳುವುದು?

ಮೊದಲು ಏನನ್ನು ನೋಡಬೇಕು?

ಹೇಳಿದ್ದು ನಡೆಯಿತೇ ಎಂದು. ಧರ್ಮೋಪದೇಶಕಾಂಡ 18ರ ಕೊನೆಯಲ್ಲಿ ಜನರೇ ಈ ಪ್ರಶ್ನೆ ಕೇಳುತ್ತಾರೆ: ಯೆಹೋವನು ಹೇಳದ ಮಾತನ್ನು ನಾವು ಗುರುತಿಸುವುದು ಹೇಗೆ? ಉತ್ತರ ಸರಳ. ಅವನು ಯೆಹೋವನ ಹೆಸರಿನಲ್ಲಿ ಹೇಳಿದ್ದು ನಡೆಯದೆ ಹೋದರೆ ಅದು ಯೆಹೋವನ ಮಾತಲ್ಲ. ಅವನಿಗೆ ಹೆದರಬೇಡಿ ಎಂದೂ ಇದೆ. ಆ ಕೊನೆಯ ಭಾಗವನ್ನು ದಯವಿಟ್ಟು ಗೆರೆ ಎಳೆದು ಇಟ್ಟುಕೊಳ್ಳಿ. ಪ್ರವಾದಿಯ ಭಯದಿಂದ ಬದುಕುತ್ತಿರುವ ಎಷ್ಟೋ ಮನೆಗಳನ್ನು ನಾನು ನೋಡಿದ್ದೇನೆ.

ಇದಕ್ಕೆ ನನಗೆ ತುಂಬಾ ಹತ್ತಿರವಾದ ಕಥೆ ಯೆರೆಮೀಯ 28. ಬಾಬೆಲಿನ ಅರಸ ನೆಬೂಕದ್ನೆಚ್ಚರ ಆಗಲೇ ಒಂದು ಸಲ ಯೆರೂಸಲೇಮಿಗೆ ಬಂದು ದೇವಾಲಯದ ಪಾತ್ರೆಗಳನ್ನೂ ಜನರನ್ನೂ ಒಯ್ದಿದ್ದ. ಊರಿಗೆ ಊರೇ ನೋವಿನಲ್ಲಿತ್ತು. ಆಗ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎದ್ದು ನಿಂತು, ಎರಡು ವರ್ಷದೊಳಗೆ ಪಾತ್ರೆಗಳೂ ಜನರೂ ವಾಪಸ್ ಬರುತ್ತಾರೆ ಎಂದ. ಯೆಹೋವನ ಹೆಸರು ಹಿಡಿದೇ ಹೇಳಿದ. ಎಲ್ಲರಿಗೂ ಬೇಕಾಗಿದ್ದ ಮಾತು ಅದು.

ಯೆರೆಮೀಯನ ಮೊದಲ ಉತ್ತರ ಏನು ಗೊತ್ತಾ? “ಆಮೆನ್.” ಯೆಹೋವನು ಹಾಗೆಯೇ ಮಾಡಲಿ ಎಂದ. ಅವನಿಗೂ ಅದೇ ಆಸೆ ಇತ್ತು, ಅವನೂ ಆ ನಾಡಿನವನೇ. ಆದರೆ ಅದರ ಜೊತೆಗೆ ಒಂದು ಮಾತು ಸೇರಿಸಿದ. ಹಿಂದಿನ ಪ್ರವಾದಿಗಳು ಯುದ್ಧ, ಕೇಡು, ರೋಗದ ಬಗ್ಗೆ ಹೇಳಿದರು. ಸಮಾಧಾನ ಬರುತ್ತದೆ ಎನ್ನುವ ಪ್ರವಾದಿಯನ್ನು, ಅವನ ಮಾತು ನಡೆದ ಮೇಲಷ್ಟೇ ದೇವರು ಕಳಿಸಿದವನು ಎಂದು ಒಪ್ಪಬೇಕು. ಅಂದರೆ ಕೇಳಲು ಇಂಪಾದ ಪ್ರವಾದನೆಗೆ ಪರೀಕ್ಷೆ ಇನ್ನೂ ಬಿಗಿ. ನಮ್ಮಲ್ಲಿ ಇದು ತಿರುಗಾಮುರುಗಾ ಆಗಿದೆ. “ಈ ವರ್ಷ ನಿಮಗೆ ಮನೆ, ಕಾರು, ಬಿಡುಗಡೆ” ಎಂದರೆ ಪರೀಕ್ಷೆಯೇ ಇಲ್ಲದೆ ಚಪ್ಪಾಳೆ.

ಬಾಬೆಲಿಗೆ ತಲೆಬಾಗಬೇಕು ಎಂಬುದರ ಗುರುತಾಗಿ ಯೆರೆಮೀಯ ಕೊರಳಲ್ಲಿ ಹಾಕಿಕೊಂಡಿದ್ದ ಮರದ ನೊಗವನ್ನು ಹನನ್ಯ ಕಿತ್ತು ಮುರಿದ. ಜನರ ಮುಂದೆ ನೋಡಲು ಭಾರಿ ದೃಶ್ಯವಾಗಿರಬೇಕು. ಯೆರೆಮೀಯ ಜಗಳ ಮಾಡಲಿಲ್ಲ, ಸುಮ್ಮನೆ ಎದ್ದು ಹೋದ. ಆಮೇಲೆ ದೇವರ ಮಾತು ಬಂದಾಗ ತಿರುಗಿ ಬಂದು, ನೀನು ಈ ಜನರನ್ನು ಸುಳ್ಳಿನಲ್ಲಿ ನಂಬಿಕೆ ಇಡುವಂತೆ ಮಾಡಿದ್ದೀ, ಇದೇ ವರ್ಷ ಸಾಯುತ್ತೀ ಎಂದ. ಹನನ್ಯ ಪ್ರವಾದನೆ ಹೇಳಿದ್ದು ಐದನೇ ತಿಂಗಳಲ್ಲಿ. ಅವನು ಏಳನೇ ತಿಂಗಳಲ್ಲಿ ತೀರಿಹೋದ. ಜನರಿಗೆ ಲೆಕ್ಕ ಹಾಕಲು ಸಿಗಲಿ ಎಂದೇ ಆ ಎರಡೂ ತಿಂಗಳುಗಳನ್ನು ಗ್ರಂಥದಲ್ಲಿ ಬರೆದಿಟ್ಟಿದ್ದಾರೆ ಅನಿಸುತ್ತದೆ.

ಈಚಿನ ಕಾಲದ್ದೊಂದು ಉದಾಹರಣೆ ಕೊಡುತ್ತೀರಾ?

ಅಮೆರಿಕದ 2020ರ ಚುನಾವಣೆ. ರಾಜಕೀಯ ಮಾತಾಡಲು ಇದನ್ನು ಎತ್ತುತ್ತಿಲ್ಲ. ಪ್ರವಾದನೆ ಹೇಳಿದ್ದು, ತಪ್ಪಿದ್ದು, ಆಮೇಲೆ ನಡೆದದ್ದು ಎಲ್ಲವೂ ಬಹಿರಂಗವಾಗಿ ದಾಖಲಾಗಿದೆ. ಅದಕ್ಕೇ ಇದು ಕಲಿಯಲು ಅನುಕೂಲ.

ಡೊನಾಲ್ಡ್ ಟ್ರಂಪ್ ಎರಡನೇ ಸಲ ಗೆಲ್ಲುತ್ತಾರೆ ಎಂದು ಅಲ್ಲಿನ ಹಲವಾರು ಪ್ರಸಿದ್ಧ ಪ್ರವಾದಿಗಳು ದೇವರ ಹೆಸರಿನಲ್ಲಿ ಹೇಳಿದ್ದರು. ನವೆಂಬರಿನಲ್ಲಿ ಮತ ಎಣಿಕೆ ಆಯಿತು. 2021ರ ಜನವರಿ 20ರಂದು ಜೋ ಬೈಡನ್ ಪ್ರಮಾಣವಚನ ತೆಗೆದುಕೊಂಡರು. ಹೇಳಿದ್ದು ನಡೆಯಲಿಲ್ಲ. ಆಗ ಪ್ರವಾದಿಗಳು ಬೇರೆ ಬೇರೆ ದಾರಿ ಹಿಡಿದರು. ಕ್ಯಾಲಿಫೋರ್ನಿಯಾದ ಬೆತೆಲ್ ಸಭೆಯ ಕ್ರಿಸ್ ವ್ಯಾಲಟನ್ ಚುನಾವಣೆ ಮುಗಿದ ಕೂಡಲೇ ಕ್ಷಮೆ ಕೇಳಿದರು, ಆಮೇಲೆ ಆ ವಿಡಿಯೋ ತೆಗೆದರು, ಜನವರಿಯಲ್ಲಿ ಮತ್ತೆ ಹಾಕಿದರು. ಜೆರೆಮಾಯ ಜಾನ್ಸನ್ ಎಂಬ ಯುವ ಬೋಧಕರು ಜನವರಿಯಲ್ಲಿ ತಮ್ಮ ತಪ್ಪನ್ನು ಒಪ್ಪಿ ಬಹಿರಂಗವಾಗಿ ಬರೆದರು. ಇನ್ನು ಕೆಲವರು ಒಪ್ಪಲೇ ಇಲ್ಲ. ಸ್ವರ್ಗದಲ್ಲಿ ಅವರೇ ಗೆದ್ದಿದ್ದಾರೆ, ದಿನಾಂಕ ಮುಂದೆ ಹೋಗಿದೆ, ಇನ್ನೂ ಕಾಯಿರಿ ಎಂದರು.

ಜಾನ್ಸನ್‌ಗೆ ಏನಾಯಿತು ನೋಡಿ. ಕ್ಷಮೆ ಕೇಳಿದ್ದಕ್ಕೆ ಕ್ರೈಸ್ತರಿಂದಲೇ ಬೈಗುಳ, ಕೊಲೆ ಬೆದರಿಕೆ ಬಂದವು ಎಂದು ಅವರೇ ಹೇಳಿದರು. ತಪ್ಪು ಹೇಳಿದ್ದಕ್ಕೆ ಬಂದ ಸಿಟ್ಟಲ್ಲ ಅದು. ತಪ್ಪಾಯಿತು ಎಂದು ಒಪ್ಪಿದ್ದಕ್ಕೆ ಬಂದ ಸಿಟ್ಟು. ಇದನ್ನು ಓದಿದಾಗ ನನಗೆ ನಿಜವಾಗಿ ದುಃಖವಾಯಿತು. ತಪ್ಪು ಬೋಧಕರದು ಮಾತ್ರ ಅಲ್ಲ, ಇಂಪಾದ ಮಾತೇ ಬೇಕು ಎಂದು ಕೂತ ನಮ್ಮದೂ ಹೌದು. ಪ್ರವಾದಿಗಳು ಸುಳ್ಳು ಹೇಳುತ್ತಾರೆ, ನನ್ನ ಜನರಿಗೂ ಅದೇ ಇಷ್ಟ ಎಂದು ಯೆರೆಮೀಯ 5ರ ಕೊನೆಯಲ್ಲಿ ದೇವರು ಹೇಳುವುದು ಇದನ್ನೇ.

2021ರ ಏಪ್ರಿಲ್‌ನಲ್ಲಿ ಆ ವಲಯದ ಹಲವು ನಾಯಕರು ಸೇರಿ ಒಂದು ಹೇಳಿಕೆಗೆ ಸಹಿ ಹಾಕಿದರು. ಬಹಿರಂಗವಾಗಿ ಪ್ರವಾದನೆ ಹೇಳಿದವರು ಅದು ನಡೆಯದಿದ್ದರೆ ಬಹಿರಂಗವಾಗಿಯೇ ಹೊಣೆ ಹೊರಬೇಕು ಎಂಬುದು ಅದರ ಒಂದು ಮುಖ್ಯ ಮಾತು. ಅವರೆಲ್ಲ ಪ್ರವಾದನೆಯ ವರ ಈಗಲೂ ಇದೆ ಎಂದು ನಂಬುವವರೇ. ನಮ್ಮ ರಾಜ್ಯದ ಸಭೆಗಳ ಒಕ್ಕೂಟಗಳೂ ಇಷ್ಟನ್ನಾದರೂ ಬರೆದು ಒಪ್ಪಿಕೊಂಡರೆ ಎಷ್ಟೋ ಮನೆಗಳು ಉಳಿಯುತ್ತವೆ.

2024ರಲ್ಲಿ ಟ್ರಂಪ್ ಗೆದ್ದರಲ್ಲ, ಪ್ರವಾದನೆ ನಡೆಯಿತಲ್ಲ ಎಂದು ಈಗ ಕೆಲವರು ಕೇಳುತ್ತಾರೆ. ಹೇಳಿದ್ದು ಯಾವ ಚುನಾವಣೆಯ ಬಗ್ಗೆ ಎಂದು ಹಳೆಯ ವಿಡಿಯೋ ತೆರೆದು ನೋಡಿ. ದಿನಾಂಕ ದಾಟಿದ ಮೇಲೆ ಹೊಸ ದಿನಾಂಕ ಹಾಕಲು ಬಿಟ್ಟರೆ ಹನನ್ಯನೂ ಸರಿ ಎನ್ನಬಹುದಿತ್ತು. ಯೆಹೂದ್ಯರು ಎಪ್ಪತ್ತು ವರ್ಷದ ಲೆಕ್ಕದಲ್ಲಿ ವಾಪಸ್ ಬಂದರಲ್ಲ!

ಯೋನನ ಪ್ರವಾದನೆಯೂ ನಡೆಯಲಿಲ್ಲವಲ್ಲ? ಪ್ರಾರ್ಥನೆಯಿಂದ ಬದಲಾಗಬಾರದಾ?

ಬದಲಾಗಬಹುದು. ನಲವತ್ತು ದಿನದಲ್ಲಿ ನಿನೆವೆ ಕೆಡವಲ್ಪಡುತ್ತದೆ ಎಂದು ಯೋನ ಸಾರಿದ. ಅರಸನಿಂದ ಹಿಡಿದು ಎಲ್ಲರೂ ಪಶ್ಚಾತ್ತಾಪಪಟ್ಟರು, ದೇವರು ಬಿಟ್ಟುಬಿಟ್ಟ. ಯೆರೆಮೀಯ 18ರಲ್ಲಿ ಈ ನಿಯಮವನ್ನು ದೇವರು ಬಿಡಿಸಿ ಹೇಳಿದ್ದಾನೆ. ಆದರೆ ಆ ಶರತ್ತು ಮೊದಲಿನಿಂದಲೇ ಇತ್ತು. ಯೋನನಿಗೂ ಗೊತ್ತಿತ್ತು, ಅದಕ್ಕೇ ತಾನೇ ಅವನು ಓಡಿಹೋಗಿದ್ದು. ಮತ್ತು ಬದಲಾವಣೆ ಎಲ್ಲರ ಕಣ್ಣೆದುರು ನಡೆಯಿತು.

ಇಂದು ನಡೆಯುವುದು ಬೇರೆ. ಮೊದಲು ಶರತ್ತಿಲ್ಲದೆ ಹೇಳುತ್ತಾರೆ. ನಡೆಯದಿದ್ದಾಗ “ನೀವು ಸಾಕಷ್ಟು ಉಪವಾಸ ಮಾಡಲಿಲ್ಲ” ಎಂದು ಶರತ್ತನ್ನು ಆಮೇಲೆ ತಂದು ಸೇರಿಸುತ್ತಾರೆ. ಹಾಗೆ ಮಾಡಿದರೆ ಯಾವ ಪ್ರವಾದನೆಯೂ ಯಾವತ್ತೂ ತಪ್ಪಲಾರದು.

ಹೇಳಿದ್ದು ನಡೆದರೆ ಸಾಕಾ?

ಸಾಲದು. ಧರ್ಮೋಪದೇಶಕಾಂಡ 13ರಲ್ಲಿ, ಪ್ರವಾದಿ ಹೇಳಿದ ಗುರುತು ನಡೆದರೂ ಅವನು ನಿಮ್ಮನ್ನು ದೇವರಿಂದ ಬೇರೆ ಕಡೆಗೆ ಒಯ್ದರೆ ಅವನ ಮಾತು ಕೇಳಬೇಡಿ ಎಂದಿದೆ. ಫಿಲಿಪ್ಪಿಯಲ್ಲಿ ಕಣಿ ಹೇಳುವ ಒಬ್ಬ ಹುಡುಗಿ ಪೌಲನ ಹಿಂದೆ ಬಂದು, ಇವರು ಪರಾತ್ಪರನಾದ ದೇವರ ದಾಸರು ಎಂದು ಕೂಗುತ್ತಿದ್ದಳು. ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಅದು ಪವಿತ್ರಾತ್ಮನಿಂದ ಬಂದದ್ದಲ್ಲ. ಅವಳಿಂದ ಅವಳ ಯಜಮಾನರಿಗೆ ದುಡ್ಡು ಬರುತ್ತಿತ್ತು.

ಹೆಸರು, ಊರು, ಬೀದಿ, ರೋಗ ಎಲ್ಲ ಸರಿಯಾಗಿ ಹೇಳಿದರು ಎಂದು ನಮ್ಮವರು ಬೆರಗಾಗುತ್ತಾರೆ. ಅಮೆರಿಕದ ಪೀಟರ್ ಪೊಪಾಫ್ ಅವರ ಕಥೆ ಗೊತ್ತಿರಲಿ. 1980ರ ದಶಕದಲ್ಲಿ ಅವರು ಸಾವಿರಾರು ಜನರ ಕೂಟದಲ್ಲಿ ಗುರುತಿಲ್ಲದವರ ಹೆಸರು, ವಿಳಾಸ, ಕಾಯಿಲೆಗಳನ್ನು ಹೇಳುತ್ತಿದ್ದರು. 1986ರಲ್ಲಿ ಜಾದೂಗಾರ ಜೇಮ್ಸ್ ರ‍್ಯಾಂಡಿ ಮತ್ತು ಅವರ ಜೊತೆಗಾರರು ರೇಡಿಯೋ ಸ್ಕ್ಯಾನರ್ ಇಟ್ಟುಕೊಂಡು ಕೂತರು. 39.17 ಮೆಗಾಹರ್ಟ್ಸ್‌ನಲ್ಲಿ ಕೇಳಿಸಿದ್ದು ಪೊಪಾಫ್ ಅವರ ಹೆಂಡತಿಯ ದನಿ. ಜನರು ಕೂಟಕ್ಕೆ ಮುಂಚೆ ಬರೆದುಕೊಟ್ಟ ಪ್ರಾರ್ಥನೆ ಚೀಟಿಗಳನ್ನು ಅವರು ಓದಿ ಹೇಳುತ್ತಿದ್ದರು, ಗಂಡನ ಕಿವಿಯಲ್ಲಿ ಪುಟ್ಟ ರಿಸೀವರ್ ಇತ್ತು. ಆ ರೆಕಾರ್ಡಿಂಗ್ ಟಿವಿಯಲ್ಲಿ ಬಂತು. ಮರು ವರ್ಷ ಪೊಪಾಫ್ ದಿವಾಳಿ ಎಂದು ಅರ್ಜಿ ಹಾಕಿದರು. ಕೆಲವು ವರ್ಷಗಳ ನಂತರ ಮತ್ತೆ ಟಿವಿಗೆ ವಾಪಸ್ ಬಂದರು.

ಈಗ ಅಷ್ಟು ಕಷ್ಟವೂ ಬೇಡ. ನಿಮ್ಮ ಫೇಸ್‌ಬುಕ್ ಸಾಕು. ಕೂಟಕ್ಕೆ ಹೆಸರು ನೋಂದಾಯಿಸಿದ ಫಾರ್ಮ್ ಸಾಕು. ಇನ್ನೂರು ಜನರ ಮುಂದೆ “ಇಲ್ಲಿ ಒಬ್ಬ ತಾಯಿಗೆ ಮಂಡಿನೋವಿದೆ” ಎಂದರೆ ಇಪ್ಪತ್ತು ಕೈ ಏಳುತ್ತವೆ, ಅಲ್ವಾ?

ಅಗಬನ ಪ್ರವಾದನೆಯಲ್ಲೂ ಸಣ್ಣ ತಪ್ಪಿತ್ತಂತೆ. ಹಾಗಾದರೆ ಇಂದಿನವರು ತಪ್ಪಿದರೆ ಏನಂತೆ?

ಇದು ಒಳ್ಳೆಯ ಪ್ರಶ್ನೆ, ಗಂಭೀರವಾದ ಪಂಡಿತರೂ ಕೇಳುತ್ತಾರೆ. ಅಪೊಸ್ತಲರ ಕೃತ್ಯಗಳು 21ರಲ್ಲಿ ಅಗಬ ಎಂಬ ಪ್ರವಾದಿ ಪೌಲನ ನಡುಕಟ್ಟು ತೆಗೆದುಕೊಂಡು ತನ್ನ ಕೈಕಾಲು ಕಟ್ಟಿಕೊಂಡ. ಈ ನಡುಕಟ್ಟು ಯಾರದೋ ಅವನನ್ನು ಯೆಹೂದ್ಯರು ಹೀಗೆ ಕಟ್ಟಿ ಅನ್ಯಜನರ ಕೈಗೆ ಒಪ್ಪಿಸುತ್ತಾರೆ ಎಂದ. ಮುಂದೆ ಕಟ್ಟಿಸಿದ್ದು ರೋಮಿನ ಸಹಸ್ರಾಧಿಪತಿ, ಅದೂ ಯೆಹೂದ್ಯರ ಏಟಿನಿಂದ ಬಿಡಿಸಿಕೊಂಡು. ಹಾಗಾಗಿ ವಿವರದಲ್ಲಿ ತಪ್ಪಿದ ಎಂದು ಕೆಲವರ ವಾದ. ಆದರೆ 28:17ರಲ್ಲಿ ಪೌಲನೇ ತನ್ನನ್ನು ಯೆರೂಸಲೇಮಿನಿಂದ ರೋಮಿನವರ ಕೈಗೆ ಒಪ್ಪಿಸಿದರು ಎನ್ನುತ್ತಾನೆ. ಪೌಲನಿಗೆ ಅದು ತಪ್ಪು ಎನಿಸಿರಲಿಲ್ಲ ಎಂದೇ ನನ್ನ ತಿಳುವಳಿಕೆ. ಇದೇ ಅಗಬ ಮೊದಲು ಬರಗಾಲ ಬರುತ್ತದೆ ಎಂದು ಹೇಳಿದ್ದ. ಅದು ರೋಮಿನ ಚಕ್ರವರ್ತಿ ಕ್ಲೌದಿಯನ ಕಾಲದಲ್ಲಿ ಬಂತು. ಅಂತಿಯೋಕ್ಯದವರು ಮುಂಚೆಯೇ ಹಣ ಸೇರಿಸಿ ಯೂದಾಯದ ಬಡವರಿಗೆ ಕಳಿಸಿದರು. ಪ್ರವಾದಿ ಹೇಳಿದ, ಹಣ ಬಡವರಿಗೆ ಹೋಯಿತು. ಅಗಬನಿಗೆ ಹೋಗಲಿಲ್ಲ.

ವಿವರದ ವಾದಕ್ಕಿಂತ ದೊಡ್ಡ ಪಾಠ ಆಮೇಲಿನದು. ಅಗಬನ ಮಾತು ಕೇಳಿ ಕೈಸರೈಯದಲ್ಲಿದ್ದವರೆಲ್ಲ ಅತ್ತು, ಯೆರೂಸಲೇಮಿಗೆ ಹೋಗಬೇಡ ಎಂದು ಬೇಡಿಕೊಂಡರು. ಪೌಲ ಹೋದ. ಪ್ರವಾದನೆ ನಿಜವಾಗಿದ್ದರೂ ಅದು ಅವನ ತಲೆಯ ಮೇಲೆ ಕೂತು ಆಳಲಿಲ್ಲ. ಏನಾಗುತ್ತದೆ ಎಂದು ಅಗಬ ಹೇಳಿದ, ಏನು ಮಾಡಬೇಕು ಎಂದು ಪೌಲ ದೇವರ ಮುಂದೆ ತಾನೇ ತೀರ್ಮಾನ ಮಾಡಿದ. “ದೇವರು ಹೇಳಿದ್ದಾನೆ, ನೀನು ಇವನನ್ನೇ ಮದುವೆ ಆಗಬೇಕು” ಎಂದು ಹುಡುಗಿಯರ ಮೇಲೆ ಒತ್ತಡ ಹಾಕುವವರು ಈ ಅಧ್ಯಾಯ ಓದಬೇಕು.

ಹಣ ಕೇಳಿದರೆ?

ಎದ್ದು ಬನ್ನಿ. ಇದರಲ್ಲಿ ನನಗೆ ಎರಡನೇ ಯೋಚನೆ ಇಲ್ಲ.

ಸಭೆ ನಡೆಸಲು ಕಾಣಿಕೆ, ದಶಮಾಂಶ ಕೊಡುವುದು ಬೇರೆ ವಿಷಯ. ಪ್ರವಾದನೆಗೆ ಬೆಲೆ ಕಟ್ಟುವುದು, “ಈ ಬೀಜ ಬಿತ್ತಿದರೆ ಪ್ರವಾದನೆ ನಡೆಯುತ್ತದೆ” ಎಂದು ಗೂಗಲ್ ಪೇ ನಂಬರ್ ತೋರಿಸುವುದು ಬೇರೆ. ಹಣಕ್ಕಾಗಿ ಕಣಿ ಹೇಳುವ ಪ್ರವಾದಿಗಳನ್ನು ಮೀಕ 3ರಲ್ಲಿ ದೇವರು ನೇರವಾಗಿ ಖಂಡಿಸುತ್ತಾನೆ. ಬಾಯಿಗೆ ಏನಾದರೂ ಹಾಕಿದವರಿಗೆ ಸಮಾಧಾನ ಸಾರುತ್ತಾರೆ, ಹಾಕದವರ ಮೇಲೆ ಯುದ್ಧ ಸಾರುತ್ತಾರೆ ಎನ್ನುತ್ತಾನೆ. ನಾಮಾನ ಕುಷ್ಠ ವಾಸಿಯಾಗಿ ಕಾಣಿಕೆ ತಂದಾಗ ಎಲೀಷ ಒಂದು ಕಾಸೂ ಮುಟ್ಟಲಿಲ್ಲ. ಹಿಂದಿನಿಂದ ಓಡಿಹೋಗಿ ಬೆಳ್ಳಿ, ಬಟ್ಟೆ ಇಸಕೊಂಡ ಗೇಹಜಿಗೆ ಅದೇ ಕುಷ್ಠ ಹತ್ತಿತು.

ಡಿಡಾಖೆ ಎಂಬ ತುಂಬಾ ಹಳೆಯ ಕ್ರೈಸ್ತ ಕೈಪಿಡಿ ಒಂದಿದೆ. ಅಪೊಸ್ತಲರ ಮರು ಪೀಳಿಗೆಯ ಕಾಲದ್ದು ಎನ್ನಬಹುದು. ಅದರ ಹಸ್ತಪ್ರತಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿದ್ದು 1873ರಲ್ಲಿ. ಆಗ ಊರಿಂದೂರಿಗೆ ತಿರುಗುವ ಪ್ರವಾದಿಗಳು ಬಹಳ ಇದ್ದರು. ಅವರು ಆತ್ಮದಲ್ಲಿ ಮಾತಾಡುವಾಗ ಪರೀಕ್ಷಿಸಬೇಡಿ, ತೀರ್ಪು ಮಾಡಬೇಡಿ, ಆದರೆ ಅವರ ನಡತೆ ಕರ್ತನ ನಡತೆಯ ಹಾಗಿದೆಯೇ ನೋಡಿ ಎನ್ನುತ್ತದೆ ಆ ಕೈಪಿಡಿ. ಎರಡು ದಿನಕ್ಕಿಂತ ಜಾಸ್ತಿ ಸುಮ್ನೆ ಉಳಿದುಕೊಂಡರೆ ಸುಳ್ಳು ಪ್ರವಾದಿ. ಆತ್ಮದಲ್ಲಿ ಊಟ ಬಡಿಸಲು ಹೇಳಿ ಅದನ್ನು ತಾನೇ ಉಂಡರೆ ಸುಳ್ಳು ಪ್ರವಾದಿ. ಆತ್ಮದಲ್ಲಿ ನನಗೆ ಹಣ ಕೊಡು ಎಂದರೆ ಅವನ ಮಾತು ಕೇಳಬೇಡಿ. ಬೇರೆ ಬಡವರಿಗೆ ಕೊಡು ಎಂದರೆ ಅವನನ್ನು ದೂಷಿಸಬೇಡಿ. ನಮ್ಮಂಥ ಬಡ ಸಭೆಯವರೇ ಇದನ್ನು ಬರೆದಿರಬೇಕು. ಮನೆಗೆ ಬಂದ ದೇವಸೇವಕರಿಗೆ ಇಲ್ಲ ಎನ್ನಲಾಗದ ಸಂಕಟ ಗೊತ್ತಿದ್ದವರು.

ಯೇಸು ಬರುವ ದಿನ ಹೇಳಿದರೆ?

ಅಲ್ಲಿಗೇ ನಿಲ್ಲಿಸಿ. ಆ ದಿನ ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಎಂದು ಮಾರ್ಕ 13:32. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅವರ ಹಿಂಬಾಲಕರು 1844ರ ಅಕ್ಟೋಬರ್ 22ಕ್ಕೆ ಕಾದರು. ಹೆರಾಲ್ಡ್ ಕ್ಯಾಂಪಿಂಗ್ ತಮ್ಮ ರೇಡಿಯೋದಲ್ಲಿ ಮೊದಲು 1994 ಎಂದರು, ಆಮೇಲೆ 2011ರ ಮೇ 21, ಅದೂ ದಾಟಿದ ಮೇಲೆ ಅಕ್ಟೋಬರ್ 21 ಎಂದರು. ಅವರನ್ನು ನಂಬಿ ಉಳಿತಾಯವನ್ನೆಲ್ಲ ಜಾಹೀರಾತಿಗೆ ಸುರಿದವರಿದ್ದರು. 2012ರಲ್ಲಿ ಕ್ಯಾಂಪಿಂಗ್ ತಾವು ದಿನ ಹೇಳಿದ್ದು ಪಾಪ ಎಂದು ಒಪ್ಪಿದರು. ಅವರು ದೇವದರ್ಶನದ ಮಾತಾಡಲಿಲ್ಲ, ಬೈಬಲಿನ ಲೆಕ್ಕ ಹಾಕಿದರು. ನಂಬಿದವರಿಗೆ ಬಿದ್ದ ಪೆಟ್ಟು ಒಂದೇ.

ನನ್ನ ಬಗ್ಗೆಯೇ ಪ್ರವಾದನೆ ಹೇಳಿದ್ದಾರೆ. ತಳ್ಳಿಹಾಕಲು ಭಯ.

ಇಲ್ಲಿ ನಮ್ಮ ಕಥೆ ಹೇಳುತ್ತೇನೆ. ನನಗೂ ಹೆಂಡತಿಗೂ ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗಿರಲಿಲ್ಲ. ಒಂದು ಕೂಟದಲ್ಲಿ ಹೊರಗಿನಿಂದ ಬಂದ ಬೋಧಕರು ಅವಳನ್ನು ಮುಂದೆ ಕರೆದರು. ಎಲೀಷನು ಶೂನೇಮಿನ ತಾಯಿಗೆ ಹೇಳಿದ ಹಾಗೆ, ಮುಂದಿನ ವರ್ಷ ಇದೇ ಹೊತ್ತಿಗೆ ನಿನ್ನ ಮಡಿಲಲ್ಲಿ ಮಗು ಇರುತ್ತದೆ, ಕರ್ತನು ಹೇಳುತ್ತಿದ್ದಾನೆ ಎಂದರು. ಎಲ್ಲರಿಗಿಂತ ಜೋರಾಗಿ ಆಮೆನ್ ಹೇಳಿದವನು ನಾನೇ. ಅತ್ತೆ ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ತೊಳೆದಿಟ್ಟರು. ತೋರಿಸುತ್ತಿದ್ದ ಡಾಕ್ಟರ ಹತ್ತಿರ ಹೋಗುವುದನ್ನೂ ನಿಲ್ಲಿಸಿದೆವು. ಹೋದರೆ ಅಪನಂಬಿಕೆ ಅಂದುಕೊಂಡೆವು.

ವರ್ಷ ಕಳೆಯಿತು. ಮಗು ಆಗಲಿಲ್ಲ. ಆ ಬೋಧಕರಿಗೆ ಫೋನ್ ಮಾಡಿದಾಗ, ನಿಮ್ಮ ಮನೆಯಲ್ಲಿ ಯಾರಿಗೋ ನಂಬಿಕೆ ಕಡಿಮೆ ಎಂದರು. ಆ “ಯಾರಿಗೋ” ಎಂಬ ಮಾತು ನನ್ನ ಹೆಂಡತಿಯ ಎದೆಯಲ್ಲಿ ಕೂತುಬಿಟ್ಟಿತು. ಎಂಟು ತಿಂಗಳು ಅವಳು ಸಭೆಗೆ ಬರಲಿಲ್ಲ. ನಮ್ಮ ಸಭೆಯಲ್ಲಿ ಒಬ್ಬರೂ, ಆ ಪ್ರವಾದನೆ ತಪ್ಪು, ನಿಮ್ಮದಲ್ಲ ತಪ್ಪು ಎಂದು ಹೇಳಲಿಲ್ಲ. ಕೊನೆಗೆ ಒಬ್ಬ ವಯಸ್ಸಾದ ತಾಯಿ ಮನೆಗೆ ಬಂದು 2 ಅರಸುಗಳು 4 ತೆರೆದು ತೋರಿಸಿದರು. ಆ ಶೂನೇಮಿನ ಹೆಂಗಸು ಎಲೀಷನಿಗೆ ಕೊಟ್ಟ ಉತ್ತರ ಏನು? ದೇವರ ಮನುಷ್ಯನೇ, ನಿನ್ನ ದಾಸಿಗೆ ಸುಳ್ಳು ಹೇಳಬೇಡ ಎಂದಳು. ಎಲೀಷ ಅವಳನ್ನು ಗದರಿಸಲಿಲ್ಲ. ಅವಳ ನಂಬಿಕೆ ಅಳೆಯಲಿಲ್ಲ. ಅವಳು ಹಾಗೆ ಕೇಳಿದರೂ ಮಗು ಹುಟ್ಟಿತು. ನನ್ನ ಹೆಂಡತಿ ಆವತ್ತು ತುಂಬಾ ಹೊತ್ತು ಅತ್ತಳು. ಮರು ಭಾನುವಾರ ಸಭೆಗೆ ಬಂದಳು.

ನಿಮ್ಮ ಭಯಕ್ಕೆ 1 ಅರಸುಗಳು 13ನ್ನೂ ಓದಿ. ದೇವರು ಒಬ್ಬ ಮನುಷ್ಯನಿಗೆ, ಬೇತೇಲಿನಲ್ಲಿ ಉಣ್ಣಬೇಡ, ನೀರೂ ಕುಡಿಯಬೇಡ ಎಂದು ಹೇಳಿ ಕಳಿಸಿದ. ಅಲ್ಲಿನ ಮುದಿ ಪ್ರವಾದಿ ಬಂದು, ನಾನೂ ಪ್ರವಾದಿಯೇ, ದೇವದೂತ ನನಗೆ ಹೇಳಿದ್ದಾನೆ, ಊಟಕ್ಕೆ ಬಾ ಎಂದ. ಅದು ಸುಳ್ಳು. ಇವನು ನಂಬಿ ಹೋದ. ವಾಪಸ್ ಹೋಗುವ ದಾರಿಯಲ್ಲಿ ಸಿಂಹ ಅವನನ್ನು ಕೊಂದಿತು. ದೊಡ್ಡವರ ಮಾತು ಎಂದು ಒಪ್ಪಿಕೊಂಡದ್ದಕ್ಕೆ ಆದ ಗತಿ ಅದು. ನಿಮ್ಮ ವಿಷಯವನ್ನು ದೇವರು ನಿಮಗೆ ಹೇಳಲಾರನೇ?

ಅನುಮಾನಪಟ್ಟರೆ ಪವಿತ್ರಾತ್ಮನಿಗೆ ದೂಷಣೆ ಆಗುವುದಿಲ್ಲವೇ?

ಆಗುವುದಿಲ್ಲ. ಮತ್ತಾಯ 12ರಲ್ಲಿ ಫರಿಸಾಯರು ಕಣ್ಣೆದುರು ಯೇಸು ಮಾಡಿದ ಒಳ್ಳೆಯ ಕೆಲಸವನ್ನೇ ದೆವ್ವದ ಕೆಲಸ ಎಂದರು. ಒಬ್ಬ ಬೋಧಕರ ಮಾತು ನಿಜವೇ ಎಂದು ಪ್ರಾಮಾಣಿಕವಾಗಿ ಕೇಳುವುದು ಅದಲ್ಲ. ಎಲ್ಲ ಆತ್ಮಗಳನ್ನೂ ನಂಬಬೇಡಿ, ಪರೀಕ್ಷಿಸಿ ಎಂದು 1 ಯೋಹಾನ 4:1 ಹೇಳುವಾಗ ಅದು ದೂಷಣೆ ಹೇಗಾದೀತು?

ನಮ್ಮ ಅಮ್ಮ ದಿನವಿಡೀ ಒಬ್ಬ ಪ್ರವಾದಿಯ ಯೂಟ್ಯೂಬ್ ನೋಡುತ್ತಾರೆ. ಹೇಗೆ ಹೇಳಲಿ?

ಆ ಬೋಧಕರನ್ನು ಬೈಯಬೇಡಿ. ಬೈದರೆ ಅಮ್ಮ ಅವರ ಪರ ನಿಲ್ಲುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಪಕ್ಕದಲ್ಲಿ ಕೂತು ನೀವೂ ನೋಡಿ. ಅವರಿಗೆ ಅದರಲ್ಲಿ ಏನು ಸಿಗುತ್ತಿದೆ ಎಂದು ಕೇಳಿ. ಎಷ್ಟೋ ಸಲ ಒಂಟಿತನವೇ ಕಾರಣ. ದಿನಾ ಬೆಳಿಗ್ಗೆ ಅವರ ಹೆಸರು ಹಿಡಿದು “ಮಗಳೇ” ಎನ್ನುವ ದನಿ ಅದೊಂದೇ ಆಗಿರಬಹುದು. ಕಳೆದ ವರ್ಷದ ಡಿಸೆಂಬರ್ 31ರ ವಿಡಿಯೋವನ್ನು ಅವರ ಜೊತೆ ಮತ್ತೆ ಹಾಕಿ ನೋಡಿ. ನೀವು ಏನೂ ಹೇಳಬೇಡಿ. ಅವರೇ ಕೇಳಿಸಿಕೊಳ್ಳಲಿ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ನಿಲ್ಲಿಸಿದ್ದಾರೆ ಎಂದು ಗೊತ್ತಾದರೆ ಮಾತ್ರ ಕಾಯಬೇಡಿ. ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಕಳೆದ ವಾರವೇ ನನಗೆ ಪ್ರವಾದನೆ ಹೇಳಿದ್ದಾರೆ. ಈಗ ಏನು ಮಾಡಲಿ?

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾವ ದಿನ, ಎಲ್ಲಿ, ಯಾರು, ಯಾವ ಮಾತಿನಲ್ಲಿ ಹೇಳಿದರು ಎಂದು ಇದ್ದ ಹಾಗೆ ಬರೆಯಿರಿ. ನಿಮ್ಮ ಆಸೆಯನ್ನು ಅದರಲ್ಲಿ ಸೇರಿಸಬೇಡಿ. ಸಭೆಯ ಇಬ್ಬರು ಹಿರಿಯರಿಗೆ ತೋರಿಸಿ ಸಹಿ ಹಾಕಿಸಿಕೊಳ್ಳಿ. ಅದನ್ನು ನಂಬಿ ಕೆಲಸ ಬಿಡಬೇಡಿ, ಸಾಲ ಮಾಡಬೇಡಿ, ಹೊಲ ಮಾರಬೇಡಿ, ಮದುವೆಗೆ ಒಪ್ಪಬೇಡಿ, ಔಷಧಿ ನಿಲ್ಲಿಸಬೇಡಿ. ಪ್ರಾರ್ಥನೆ ಮಾಡಿ, ನಿಮ್ಮ ಎಂದಿನ ಕೆಲಸ ಮಾಡಿ. ದೇವರ ಮಾತಾಗಿದ್ದರೆ ನೀವು ಹೊಲ ಮಾರದಿದ್ದರೂ ಅದು ನಡೆಯುತ್ತದೆ.

ಹೇಳಿದ ದಿನ ಬಂದಾಗ ಆ ಹಿರಿಯರ ಜೊತೆ ಕೂತು ನೋಟ್‌ಬುಕ್ ತೆರೆಯಿರಿ. ನಡೆದಿದ್ದರೆ ಸಭೆಯಲ್ಲಿ ಸಾಕ್ಷಿ ಹೇಳಿ. ನಡೆಯದಿದ್ದರೆ, ಅದನ್ನೂ ಹೇಳಿದವರ ಮುಂದೆ ಇಡಬೇಕು. ಒಬ್ಬರೇ ಹೋಗಬೇಡಿ, ಅವರ ಮಾತಿನ ಮುಂದೆ ನಿಲ್ಲುವುದು ಕಷ್ಟ. ಧಾರವಾಡ, ಹುಬ್ಬಳ್ಳಿ ಸುತ್ತಮುತ್ತ ಇದ್ದರೆ ನಾನೂ ನನ್ನ ಹೆಂಡತಿಯೂ ನಿಮ್ಮ ಜೊತೆ ಬರುತ್ತೇವೆ.